ಬಳ್ಳಾರಿಯ ಮಾಳಿಗೆ ಮೇಲೆ ಎಫ್9ಪಿ: ಅಯಾನುಗೋಳ ನೋಡಲು ಸಾಕಾಗುತ್ತದೆಯೇ?

ಯು-ಬ್ಲಾಕ್ಸ್‌ನ ಝಡ್‌ಇಡಿ-ಎಫ್9ಪಿ ಎಂಬ ಜಿಪಿಎಸ್ ರಿಸೀವರ್ ಬೋರ್ಡನ್ನು ಹೆಚ್ಚಿನವರು ಕೊಳ್ಳುವುದು ಸರ್ವೆಗೆ. ಬಳ್ಳಾರಿ, ರಾಯಚೂರು ಕಡೆ ಸಂಜೆ ಕವಿದ ಮೇಲೆ ಅಯಾನುಗೋಳದಲ್ಲಿ (ಮೇಲಾಕಾಶದ, ವಿದ್ಯುತ್ ಕಣಗಳು ತುಂಬಿದ ಪದರ) ಏಳುವ ಪ್ಲಾಸ್ಮಾ ಗುಳ್ಳೆಗಳನ್ನು, ಅಂದರೆ ಆ ಕಣಗಳು ವಿರಳವಾದ ಜಾಗಗಳನ್ನು, ಗುರುತಿಸಲೂ ಅದು ಒಳ್ಳೆಯ ಸಾಧನ. ಆಂಧ್ರದ ಗದಂಕಿಯ 53 ಮೆಗಾಹರ್ಟ್ಜ್ ರಡಾರ್‌ಗೆ ಪ್ರತಿಧ್ವನಿ ಬರುವುದು ಗುಳ್ಳೆಯೊಳಗಿನ ಸುಮಾರು 2.8 ಮೀಟರ್ ಅಳತೆಯ ಏರುಪೇರುಗಳಿಂದ. ಎಫ್9ಪಿಗೆ ತಟ್ಟುವುದು ನೂರಾರು ಮೀಟರ್‌ನವು; ಉಪಗ್ರಹದ ಸಿಗ್ನಲ್ ಕುಸಿದು ಏಳುತ್ತಾ ಅವುಗಳ ಸುಳಿವು ಕೊಡುತ್ತದೆ.

ಹಚ್ಚುವ ಕಾಲ ಮುಖ್ಯ. ಯುಗಾದಿ, ದಸರಾ ಆಸುಪಾಸಿನ ತಿಂಗಳುಗಳೇ ಇದಕ್ಕೆ ಸುಗ್ಗಿ. ನಮ್ಮಲ್ಲಿ ಕಾಂತೀಯ ಉತ್ತರವೂ ಭೂಗೋಳದ ಉತ್ತರವೂ ಹೆಚ್ಚುಕಡಿಮೆ ಒಂದೇ ದಿಕ್ಕು. ಹಾಗಾಗಿ ಹಗಲು-ರಾತ್ರಿ ಸಮನಾಗುವ ಹೊತ್ತಿನಲ್ಲಿ ಕಾಂತರೇಖೆಯ ಎರಡೂ ತುದಿಗೆ ಒಟ್ಟಿಗೇ ಕತ್ತಲಾಗುತ್ತದೆ, ಸಂಜೆಯ ವಿದ್ಯುತ್ ಕ್ಷೇತ್ರ ಬಲವಾಗಿ ಪದರವನ್ನು ಮೇಲೆತ್ತುತ್ತದೆ. ಜೂನ್‌ನಲ್ಲಿ ಹಚ್ಚಿ ಏನೂ ಕಾಣಲಿಲ್ಲವೆಂದು ಬೋರ್ಡನ್ನು ದೂರಬೇಡಿ. ಸೂರ್ಯ ಶಾಂತವಾಗಿರುವ ವರ್ಷಗಳಲ್ಲಿ ಆಗ ಮಧ್ಯರಾತ್ರಿ ದಾಟಿದ ಮೇಲೆ ರಡಾರ್‌ಗೆ ಪ್ರತಿಧ್ವನಿ ಸಿಕ್ಕರೂ ಜಿಪಿಎಸ್‌ನ ಮುಖ್ಯ ಸಿಗ್ನಲ್ ಎಲ್1 ಅಲುಗುವುದು ಅಪರೂಪ.

ಆರ್‌ಎಕ್ಸ್‌ಎಂ-ಆರ್‌ಎಡಬ್ಲ್ಯುಎಕ್ಸ್ ಸಂದೇಶ ಆನ್ ಮಾಡಿ; ಉಪಗ್ರಹಗಳ ಕಚ್ಚಾ ಅಳತೆಗಳು ಬರುವುದು ಅದರಲ್ಲೇ. ಒಂದು ಸಿಗ್ನಲ್‌ಗೆ 32 ಬೈಟ್. 60 ಸಿಗ್ನಲ್ ಬಂದರೆ ಸೆಕೆಂಡಿಗೆ ಸುಮಾರು 1.9 ಕಿಲೋಬೈಟ್. ಕಾರ್ಖಾನೆಯಿಂದ ಬರುವ 38400 ಬಾಡ್ ವೇಗ, ಸೆಕೆಂಡಿಗೆ ಒಂದೇ ದಾಖಲೆಯ 1 ಹರ್ಟ್ಜ್‌ಗೆ ಸಾಕು. 5 ಹರ್ಟ್ಜ್ ಬೇಕಾದರೆ 230400 ಮಾಡಿ, ಇಲ್ಲವಾದರೆ ಡೇಟಾ ನಡುನಡುವೆ ಬಿಟ್ಟುಹೋಗುತ್ತದೆ. ಸೆಟ್ಟಿಂಗ್ ಫ್ಲ್ಯಾಶ್‌ಗೇ ಉಳಿಸಿ. ರ್‍ಯಾಮ್‌ನಲ್ಲಷ್ಟೇ ಇಟ್ಟರೆ ಕರೆಂಟ್ ಹೋಗಿ ಬಂದಾಗ ಎಲ್ಲ ಅಳಿಸಿರುತ್ತದೆ. ರಾತ್ರಿ 7:30ರಿಂದ ಮಧ್ಯರಾತ್ರಿ ಎಂದರೆ ಫೈಲ್‌ನಲ್ಲಿ 14:00ರಿಂದ 18:30; ಅದರಲ್ಲಿರುವುದು ನಮ್ಮ ಗಡಿಯಾರದ ಹೊತ್ತಲ್ಲ, ಜಿಪಿಎಸ್ ಸಮಯ. ಜಿಪಿಎಸ್ ಸಮಯ ಯುಟಿಸಿಗಿಂತ (ಜಾಗತಿಕ ಪ್ರಮಾಣ ಸಮಯ) 18 ಸೆಕೆಂಡ್ ಮುಂದಿರುತ್ತದೆ.

ಹೆಚ್ಚು ಮೋಸ ಮಾಡುವುದು ನೀರಿನ ಟ್ಯಾಂಕು, ತಗಡಿನ ಶೀಟುಗಳಿಂದ ಬಡಿದು ಬರುವ ಸಿಗ್ನಲ್. 30 ಡಿಗ್ರಿಗಿಂತ ಕೆಳಗಿನ ಉಪಗ್ರಹಗಳನ್ನು ಕೈಬಿಡಿ. ಆಮೇಲೂ ಅನುಮಾನವಿದ್ದರೆ ಮರುದಿನ ನೋಡಿ: ಅದೇ ಜಿಪಿಎಸ್ ಉಪಗ್ರಹದಲ್ಲಿ ಅದೇ ಕುಸಿತ ಸುಮಾರು 4 ನಿಮಿಷ ಮುಂಚೆ ಬಂದರೆ ಅದು ಟ್ಯಾಂಕಿನ ಕಾಟ, ಗುಳ್ಳೆಯಲ್ಲ. ನಿಜವಾದ ಗುಳ್ಳೆ ಬಂದಾಗ ಸಾಮಾನ್ಯವಾಗಿ ಎಲ್1ಗಿಂತ ಜಿಪಿಎಸ್‌ನ ಎರಡನೇ ಸಿಗ್ನಲ್ ಎಲ್2 ಹೆಚ್ಚು ನಡುಗುತ್ತದೆ. ಸಿಗ್ನಲ್‌ನ ಹಿಡಿತ ತಪ್ಪಿದರೆ, ಎಷ್ಟು ಹೊತ್ತಿನಿಂದ ಹಿಡಿದಿದೆ ಎಂದು ಹೇಳುವ ಲಾಕ್‌ಟೈಮ್ ಸೊನ್ನೆಗೆ ಬೀಳುತ್ತದೆ.

ಕೊರತೆ ಒಂದೇ, ಆದರೆ ದೊಡ್ಡದು: ಸಿಗ್ನಲ್ ಬಲವನ್ನು ಬೋರ್ಡ್ 1 ಡೆಸಿಬೆಲ್ ಮೆಟ್ಟಿಲಲ್ಲಿ ಕೊಡುತ್ತದೆ. ನಡುಕದ ತೀವ್ರತೆ ಹೇಳುವ ಎಸ್4 ಸೂಚ್ಯಂಕ ಸರಿಯಾಗಿ ಸಿಗಲು 50 ಹರ್ಟ್ಜ್ ದಾಖಲಿಸುವ ಸಿಂಟಿಲೇಶನ್ (ಸಿಗ್ನಲ್ ನಡುಕ) ರಿಸೀವರೇ ಬೇಕು. ಗುಳ್ಳೆ ಯಾವ ತಿಂಗಳು, ಯಾವ ಗಂಟೆಗೆ ಬಂತೆಂದು ಪಟ್ಟಿ ಮಾಡುವ ಕಾಲೇಜು ಪ್ರಾಜೆಕ್ಟಿಗೆ ಇದನ್ನು ಧೈರ್ಯವಾಗಿ ಕೊಳ್ಳಬಹುದು. ಸಂಡೂರಿನ ಗಣಿಗಳಲ್ಲಿ ರಾತ್ರಿ ಸೆಂಟಿಮೀಟರ್ ನಿಖರತೆಯ ಆರ್‌ಟಿಕೆ ಸರ್ವೆ ಮಾಡುವವರಿಗೂ ಆ ಪಟ್ಟಿ ಬೇಕಾದದ್ದೇ: ಎರಡು ತರಂಗಾಂತರದ ರಿಸೀವರ್ ಅಯಾನುಗೋಳದ ವಿಳಂಬವನ್ನು ಕಳೆಯುತ್ತದೆ, ಈ ನಡುಕವನ್ನಲ್ಲ.