ಪಣಜಿಯ ಹಾಲ್, ಕಾರವಾರದ ಬೀಚ್: ಬ್ಯಾಂಡ್ ಎಲ್ಲಿ ಕೇಳೋದು?

ಕಾರವಾರದವರಿಗೆ ಇಂಡೀ ಬ್ಯಾಂಡ್, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ತಮ್ಮದೇ ಹಾಡು ಕಟ್ಟಿ ಹಾಡುವ ತಂಡ, ಕೇಳುವ ಹುಚ್ಚು ಹಿಡಿದರೆ ಬೆಂಗಳೂರಿಗಿಂತ ಗೋವಾನೇ ಹತ್ತಿರ. ಬೆಂಗಳೂರಿಗೆ ಒಂದು ರಾತ್ರಿಯ ರೈಲು. ಪಣಜಿ ಸುಮಾರು 100 ಕಿಲೋಮೀಟರ್, ಅಷ್ಟೇ.

2019ರಲ್ಲಿ ನಾನೂ ಭಾವನೂ ಪಣಜಿಯ ಕಲಾ ಅಕಾಡೆಮಿಯಲ್ಲಿ ಎರಡು ಸಂಜೆಯ ಇಂಡೀ ಉತ್ಸವಕ್ಕೆ ಹೋಗಿದ್ದೆವು. ಅದಾಗಿ ಕೆಲವು ವಾರಕ್ಕೆ ಅಂಥದ್ದೇ ಒಂದು ಬ್ಯಾಂಡ್ ನಮ್ಮ ಠಾಗೋರ್ ಬೀಚಿನ ಮಯೂರವರ್ಮ ವೇದಿಕೆಗೇ ಬಂತು. ಎರಡನ್ನೂ ಕೇಳಿದ ಕಿವಿ ಇದು, ಹಾಗಾಗಿ ಹೇಳ್ತೇನೆ.

ಕಲಾ ಅಕಾಡೆಮಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ್ದು, ಮಾಂಡೋವಿ ನದಿಯ ದಡದಲ್ಲಿ. ಹಾಲ್ ಒಳಗೆ ಹೋದರೆ ಅಕ್ಕಪಕ್ಕದ ಗೋಡೆಯ ಮೇಲೆ ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂಡ ಬಿಡಿಸಿದ ಜನ. ನಾವು ಟಿಕೆಟ್ ತಗೊಂಡು ಬಂದರೆ ಇವರು ಮೊದಲೇ ಬಂದು ಕೂತಿದ್ದಾರಲ್ಲ ಅನ್ನಿಸಿತು. ಆಮೇಲೆ ಹಾಲ್ ರಿಪೇರಿಗೆಂದು ಮುಚ್ಚಿ 2023ರಲ್ಲಿ ಮತ್ತೆ ತೆರೆಯಿತು. ನನ್ನ ಮಾತೆಲ್ಲ ಅದಕ್ಕೂ ಮೊದಲಿನದು.

ಮೊದಲ ಸಂಜೆ ಆಸೆಬುರುಕರ ಹಾಗೆ ಮುಂದಿನ ಸಾಲಿಗೆ ಓಡಿದೆವು. ತಪ್ಪಾಯ್ತು. ಎದುರಿಗೇ ಡ್ರಮ್ಸ್. ಹಾಡುವವಳ ಬಾಯಿ ಆಡೋದು ಕಾಣ್ತಿತ್ತು, ಪದ ಒಂದೂ ಸಿಗಲಿಲ್ಲ. ದೊಡ್ಡ ಸ್ಪೀಕರುಗಳ ಮುಖ ಹಿಂದಿನ ಸಾಲುಗಳ ಕಡೆಗೆ. ತೀರಾ ಮುಂದೆ ಕೂತವರಿಗೆ ವೇದಿಕೆಯ ಗದ್ದಲವೇ ಗತಿ. ಎರಡನೇ ಸಂಜೆ ಎಲ್ಲ ಮೈಕು, ವಾದ್ಯಗಳ ಸದ್ದನ್ನು ಹದ ಮಾಡುವ ಸೌಂಡ್ ಮಿಕ್ಸರ್ ಇಟ್ಟಿದ್ದರಲ್ಲ, ಅದರ ಮುಂದಿನ ಸಾಲಿನಲ್ಲಿ ಕೂತೆವು. ಅಬ್ಬಾ! ಒಂದು ಹಾಡಿನ ಕೊನೆಯಲ್ಲಿ ಅವಳು ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದು ಬರೀ ಬಾಯಲ್ಲಿ ಎರಡು ಸಾಲು ಹಾಡಿದಳು. ಇಡೀ ಹಾಲಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಗಿಟಾರಿನವನು ತಂತಿಯ ಮೇಲೆ ಬೆರಳು ಜಾರಿಸುವ ಕಿರ್ ಸದ್ದೂ ಕೇಳಿತು.

ಬೀಚಿನಲ್ಲಿ ಇದು ಆಗೋದಿಲ್ಲ. ಪಕ್ಕದಲ್ಲೇ ಹೆದ್ದಾರಿ, ಲಾರಿ ಹೋದಾಗಲೆಲ್ಲ ಅದೂ ಒಂದು ವಾದ್ಯ. ಗೋಡೆಯಿಲ್ಲ, ಸದ್ದು ಹೋದದ್ದು ಹೋದ ಹಾಗೆ. ಅದಕ್ಕಿಂತ ಜಾಸ್ತಿ ಆಟ ಆಡಿಸೋದು ಗಾಳಿ. ಸ್ಪೀಕರಿನ ಕಡೆಯಿಂದ ನಮ್ಮ ಕಡೆ ಬೀಸಿದರೆ ಹಾಡು ದೂರದವರೆಗೂ ಬರ್ತದೆ. ಎದುರು ಬೀಸಿದರೆ ಸದ್ದು ಮೇಲಕ್ಕೆ ಬಾಗಿ ನಮ್ಮ ತಲೆ ದಾಟಿ ಹೋಗ್ತದೆ. ಸಂಜೆ ಕಡಲಿಂದ ಬೀಸುವ ಗಾಳಿ ರಾತ್ರಿಯಾದಂತೆ ದಿಕ್ಕು ಬದಲಿಸುತ್ತದೆ ಬೇರೆ. ಅಂದು ನಾನು ಮೂರು ಕಡೆ ಜಾಗ ಬದಲಿಸಿದೆ. ಕೊನೆಗೆ ಮಿಕ್ಸರ್ ಹತ್ತಿರ ನಿಂತಿದ್ದವರೇ ಕರೆದರು: "ತಮಾ, ಇಲ್ಲೇ ನಿಂತ್ಕೋ. ನಂಗೆ ಕೇಳೋದೇ ನಿಂಗೂ ಕೇಳ್ತದೆ." ಪಣಜಿಯಲ್ಲಿ ಒಂದು ಸಂಜೆ ಹಾಳು ಮಾಡಿಕೊಂಡು ಕಲಿತ ಪಾಠವನ್ನು ಇವರು ಪುಕ್ಕಟೆ ಹೇಳಿದರು.

ಆದರೆ ಬೀಚಿನಲ್ಲಿ ಕುಣಿಯಬಹುದು. ಹಾಲಿನಲ್ಲಿ ಎದ್ದು ನಿಂತರೆ ಹಿಂದಿನವರು ಭುಜ ತಟ್ಟುತ್ತಾರೆ. ಇಲ್ಲಿ ಚಪ್ಪಲಿ ಬಿಟ್ಟು ಮರಳಿನಲ್ಲಿ ಕೂತರೂ ನಡೆದೀತು, ಬಯಲಾಟ ನೋಡಿ ಬೆಳೆದ ನಮಗೆ ಅದೇನು ಹೊಸದಾ? ನನ್ನ ಮುಂದೆ ಒಬ್ಬರು ಅಜ್ಜಿ ಬ್ಯಾಂಡಿಗೆ ಬೆನ್ನು ಹಾಕಿ ಮೊಮ್ಮಗನಿಗೆ ಚುರುಮುರಿ ತಿನ್ನಿಸುತ್ತಿದ್ದರು, ಕಾಲು ಮಾತ್ರ ತಾಳಕ್ಕೆ ಸರಿಯಾಗಿ ಕುಣಿಯುತ್ತಿತ್ತು.

ಬಯಲಲ್ಲಿ ಇನ್ನೊಂದು ಕಾಟ ಇದೆ. ವಿಶೇಷ ಅನುಮತಿ ಇಲ್ಲದಿದ್ದರೆ ರಾತ್ರಿ 10ಕ್ಕೆ ಧ್ವನಿವರ್ಧಕ ಬಂದ್. ಮುಚ್ಚಿದ ಸಭಾಂಗಣಕ್ಕೆ ಆ ನಿಯಮದಲ್ಲಿ ವಿನಾಯಿತಿ ಇದೆ. ಬೀಚಿನಲ್ಲಿ ಅಂದು ಭಾಷಣವೇ ಒಂಬತ್ತರವರೆಗೆ ಎಳೆಯಿತು. ಬ್ಯಾಂಡಿಗೆ ಉಳಿದದ್ದು ಒಂದು ಗಂಟೆ.

ಖರ್ಚು? ಬೀಚ್ ಪುಕ್ಕಟೆ. ಪಣಜಿಯಲ್ಲಿ ಟಿಕೆಟ್ಟಿಗಿಂತ ಹೋಗಿಬರೋದೇ ದುಬಾರಿ. ಹಾಡು ಮುಗಿಯುವ ಹೊತ್ತಿಗೆ ಬಸ್ಸು ಸಿಗೋದು ಕಷ್ಟ ಅಂತ ಭಾವನ ಬೈಕಿನಲ್ಲಿ ಹೋಗಿದ್ದು. ವಾಪಸು ಬರುತ್ತ ಕಾರವಾರದ ಕಾಳಿ ನದಿ ಸೇತುವೆ ದಾಟುವಾಗ ರಾತ್ರಿ ಒಂದೂವರೆ. ಮರುದಿನ ಮತ್ತೆ ಅದೇ ದಾರಿ. ಸೊಂಟ ಒಂದು ವಾರ ನೆನಪಿಸಿತು.

ಪದ ಇಷ್ಟಪಟ್ಟು ಕೇಳುವ ಬ್ಯಾಂಡ್ ಆದರೆ ನಾನು ಪಣಜಿಗೇ ಹೋಗುವವನು, ಒಂದೇ ಸಂಜೆಗೆ, ರಾತ್ರಿ ಅಲ್ಲೇ ಉಳಿದು. ಭಾವ ಮಾತ್ರ ಬೀಚಿನ ಪಕ್ಷ. ಚುರುಮುರಿ ಸಿಗದ ಕಡೆ ಎಂಥ ಸಂಗೀತ ಮಾರಾಯ ಅಂತ ಈಗಲೂ ಕೇಳ್ತಾನೆ.