ತೊಗಟೆ ದುಂಬಿಗೆ ಯಾವ ನೆಮಟೋಡ್?

ಮಧ್ಯ ಯುರೋಪಿನಲ್ಲಿ ಸ್ಪ್ರೂಸ್ ಎಂಬ ಸೂಜಿ ಎಲೆಯ ಮರದ ಕಾಡುಗಳನ್ನು ಒಣಗಿಸುವ ತೊಗಟೆ ದುಂಬಿ, ಇಪ್ಸ್ ಟೈಪೋಗ್ರಾಫಸ್, ಬರೀ ಐದು ಮಿಲಿಮೀಟರ್ ಉದ್ದ. ಅದನ್ನು ಹತೋಟಿಗೆ ತರಲು ನೆಮಟೋಡ್, ಅಂದರೆ ದಾರದಂಥ ಸಣ್ಣ ಹುಳು, ಬಳಸಬೇಕು ಅಂದುಕೊಂಡವರ ಮುಂದೆ ಎರಡು ದಾರಿ ಇವೆ.

ಒಂದು, ಕಾಡಿನಲ್ಲೇ ಇರುವ ಕಾಂಟಾರ್ಟಿಲೆಂಕಸ್. ದುಂಬಿಯ ಹೊಟ್ಟೆ ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಾಗಿದ, ದಪ್ಪನೆಯ ಹೆಣ್ಣು ಹುಳು ಕಾಣುತ್ತದೆ. ಅದರ ಮರಿಗಳು ದುಂಬಿಯ ಕರುಳಿಗೆ ಇಳಿದು, ಹಿಕ್ಕೆಯ ಜೊತೆ ತೊಗಟೆಯಡಿಯ ಸುರಂಗಕ್ಕೆ ಬೀಳುತ್ತವೆ. ದುಂಬಿ ಸಾಯುವುದಿಲ್ಲ, ಆದರೆ ಮೊಟ್ಟೆ ಕಡಿಮೆ ಇಡಬಹುದು. ಇದು ಬದುಕಿರುವ ದುಂಬಿಯನ್ನೇ ನೆಚ್ಚಿಕೊಂಡದ್ದು. ಹಾಗಾಗಿ ಕೊಂಡು ತಂದು ಸಿಂಪಡಿಸುವ ಮಾತೇ ಇಲ್ಲ.

ಇನ್ನೊಂದು ಸ್ಟೈನರ್‌ನೆಮಾ ಕಾರ್ಪೊಕ್ಯಾಪ್ಸೆ. ಅಡಿಕೆ ತೋಟದ ಬೇರು ಹುಳುವಿಗೆ ನಮ್ಮಲ್ಲೂ ಹಾಕುತ್ತಾರಲ್ವಾ, ಅದೇ. ಇದು ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಹೊತ್ತು ಒಳಹೊಕ್ಕು, ಎರಡು ಮೂರು ದಿನದಲ್ಲೇ ಕೀಟವನ್ನು ಕೊಲ್ಲುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಬಹುದು, ಅಂಗಡಿಯಲ್ಲೂ ಸಿಗುತ್ತದೆ. ಆದರೆ ಬಿಸಿಲು ತಾಗಿದರೆ, ತೇವ ಆರಿದರೆ ಸತ್ತೇ ಹೋಗುತ್ತದೆ. ಇಪ್ಪತ್ತು ಮೂವತ್ತು ಮೀಟರ್ ಎತ್ತರದ ಮರದ ತೊಗಟೆಯೊಳಗೆ ಅದನ್ನು ತಲುಪಿಸುವುದಾದರೂ ಹೇಗೆ?

ನನ್ನ ಪ್ರಕಾರ ನಿಂತ ಮರಕ್ಕೆ ಸ್ಟೈನರ್‌ನೆಮಾ ಸಿಂಪಡಿಸುವುದು ಸುಮ್ನೆ ದುಡ್ಡು ದಂಡ. ಪ್ರಯೋಗ ಮಾಡಲೇಬೇಕೆಂದರೆ, ಚಳಿಗಾಲಕ್ಕೆ ಒಂದಷ್ಟು ದುಂಬಿಗಳು ಇಳಿದು ಅಡಗುವ ಮರದ ಬುಡದ ಒದ್ದೆ ತರಗೆಲೆಯಲ್ಲಿ ಮಾಡಿ. ಕಾಂಟಾರ್ಟಿಲೆಂಕಸ್ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ, ಆದರೆ ದುಂಬಿ ಜಾಸ್ತಿಯಾದ ವರ್ಷ ಅದೊಂದನ್ನೇ ನಂಬಿ ಕೂರಬೇಡಿ. ಯಾವುದನ್ನು ಆರಿಸಿದರೂ, ಹೊಸ ದುಂಬಿ ಹಾರುವ ಮೊದಲೇ ದುಂಬಿ ಹೊಕ್ಕ ಮರ ಕಡಿದು ಕಾಡಿನಿಂದ ಆಚೆ ಸಾಗಿಸಲೇಬೇಕು.