ಏಳು ಸಾವಿರದ ಟೆಲಿಸ್ಕೋಪ್: ಒಂದು ತಿಂಗಳು ಬಳಸಿದ ಮೇಲೆ

ಮಗಳು ಆರನೇ ಕ್ಲಾಸು. ಎಂಟು ಗ್ರಹಗಳ ಹೆಸರು ಬಾಯಿಪಾಠ ಮಾಡಿದ್ದಳು, ಒಂದನ್ನೂ ಸರಿಯಾಗಿ ನೋಡಿರಲಿಲ್ಲ. ಅದಕ್ಕೇ 2025ರ ಡಿಸೆಂಬರ್‌ನಲ್ಲಿ ಇದನ್ನು ತರಿಸಿದೆ. ಲೆನ್ಸಿನ ಅಗಲ 70 ಮಿ.ಮೀ., ಫೋಕಲ್ ಲೆಂತ್ (ಲೆನ್ಸಿನಿಂದ ಬಿಂಬ ಮೂಡುವ ಜಾಗಕ್ಕಿರುವ ದೂರ) 700 ಮಿ.ಮೀ., ಬೆಲೆ ಸುಮಾರು 7,000 ರೂಪಾಯಿ. ಲೆನ್ಸು ನಿಜಕ್ಕೂ ಚೆನ್ನಾಗಿದೆ. ಜೊತೆಗೆ ಬಂದ ಸಾಮಾನು ಅರ್ಧ ದಂಡ.

ಡಬ್ಬದ ಮೇಲೆ ದೊಡ್ಡದಾಗಿ 525 ಪಟ್ಟು ಅಂತ ಹಾಕಿದ್ದಾರೆ, ನಂಬಬೇಡಿ. 4 ಮಿ.ಮೀ. ಐಪೀಸಿಗೆ (ಕಣ್ಣಿಟ್ಟು ನೋಡುವ ಪುಟ್ಟ ಲೆನ್ಸು) 3 ಪಟ್ಟಿನ ಬಾರ್ಲೋ (ಇನ್ನೂ ದೊಡ್ಡದು ಮಾಡಿ ತೋರಿಸುವ ಹೆಚ್ಚುವರಿ ಲೆನ್ಸು) ಸೇರಿಸಿದರೆ ಲೆಕ್ಕವೇನೋ (700 ÷ 4 × 3) ಸರಿಹೋಗುತ್ತದೆ, ಕಣ್ಣಿಗೆ ಮಾತ್ರ ಬರೀ ಮಸುಕು. ಈ ಅಳತೆಯ ಲೆನ್ಸಿಗೆ ಹೆಚ್ಚೆಂದರೆ 140 ಪಟ್ಟು. ನಾವು 25 ಮಿ.ಮೀ. ಐಪೀಸಲ್ಲಿ ಹುಡುಕಿ, 10 ಮಿ.ಮೀ.ದರಲ್ಲಿ 70 ಪಟ್ಟಿಗೆ ನೋಡುತ್ತೇವೆ. ಅಷ್ಟು ಸಾಕು.

ಮೊದಲ ದಿನ ರಾತ್ರಿ ಒಂಬತ್ತೂವರೆಗೆ ತಾರಸಿಯಲ್ಲಿ ಗುರು ಸಿಕ್ಕಿತು. ಕೆನೆ ಬಣ್ಣದ ಪುಟ್ಟ ಬಿಲ್ಲೆ, ಅದರ ಮೇಲೆ ತೆಳುವಾಗಿ ಎರಡು ಕಂದು ಪಟ್ಟೆ. ಪಕ್ಕದಲ್ಲಿ ಒಂದೇ ಸಾಲಿಗೆ ನಾಲ್ಕು ಚುಕ್ಕಿ. 1610ರಲ್ಲಿ ಗೆಲಿಲಿಯೋ ಕಂಡ ಅದೇ ನಾಲ್ಕು ಚಂದ್ರರು! ಮಗಳು ನೋಟ್‌ಬುಕ್ಕಲ್ಲಿ ಗುರುತು ಹಾಕಿಕೊಂಡಳು. ಮಾರನೇ ದಿನ ಚುಕ್ಕಿಗಳು ಜಾಗ ಬದಲಿಸಿದ್ದವು. ತೀರಾ ಹತ್ತಿರದ ಅಯೋ ಎರಡು ದಿನದೊಳಗೆ ಒಂದು ಸುತ್ತು ಮುಗಿಸುತ್ತದೆ. "ಅಮ್ಮಾ, ಗುರು ಓಡಿ ಹೋಗ್ತಿದೆ" ಅಂದಳು. ಓಡುತ್ತಿದ್ದದ್ದು ನಾವು. ಭೂಮಿ ತಿರುಗುವುದರಿಂದ ಒಂದೆರಡು ನಿಮಿಷಕ್ಕೇ ಗ್ರಹ ಅಂಚಿಗೆ ಜಾರುತ್ತದೆ, ಕೊಳವೆ ಸರಿಸುತ್ತಲೇ ಇರಬೇಕು.

ಶನಿ ನೋಡಿ ಬೇಜಾರಾಗಿತ್ತು. ಚಿತ್ರದಲ್ಲಿರುವ ಅಗಲ ಉಂಗುರ ಎಲ್ಲಿ? ಮಣಿಗೆ ಸೂಜಿ ಚುಚ್ಚಿದ ಹಾಗೆ ಒಂದು ಗೆರೆ ಅಷ್ಟೇ. ವಾಪಸ್ ಕಳಿಸೋಣ ಅಂದುಕೊಂಡೆ. ಆಮೇಲೆ ಓದಿದಾಗ ತಿಳಿಯಿತು, ಲೆನ್ಸಿನ ತಪ್ಪಲ್ಲ. ಸುಮಾರು 15 ವರ್ಷಕ್ಕೊಮ್ಮೆ ಉಂಗುರದ ಅಂಚು ನಮ್ಮ ಕಡೆ ತಿರುಗುತ್ತದೆ. 2025ರ ಮಾರ್ಚ್‌ನಲ್ಲಿ ಹಾಗಾಗಿತ್ತು, ಇನ್ನು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಾ ಹೋಗುತ್ತದೆ. ಶನಿವಾರ ಒಪ್ಪೊತ್ತು ಮಾಡುವ ನಮ್ಮ ಅತ್ತೆ ಆ ಗೆರೆಯನ್ನೇ ತುಂಬಾ ಹೊತ್ತು ನೋಡಿದರು. "ಇನ್ನೊಂದು ಸಲ ತೋರಿಸೇ" ಅಂದರು.

ದೊಡ್ಡ ತೊಂದರೆ ಟ್ರೈಪಾಡ್. ಫೋಕಸ್ ತಿರುಗಿಸಿದರೆ ಸಾಕು, ಗ್ರಹ ಕುಣಿಯುತ್ತದೆ. ಕಾಲುಗಳನ್ನು ಪೂರ್ತಿ ಗಿಡ್ಡ ಮಾಡಿ, ನಡುವೆ ಐದು ಕೆಜಿ ಅಕ್ಕಿ ಚೀಲ ತೂಗುಹಾಕಿ, ಸ್ಟೂಲ್ ಮೇಲೆ ಕೂತು ನೋಡುತ್ತೇನೆ. ಈಗ ಪರವಾಗಿಲ್ಲ. ಫೈಂಡರನ್ನು (ಗುರಿ ಹಿಡಿಯಲು ಕೊಳವೆಯ ಮೇಲಿರುವ ಪುಟ್ಟ ದುರ್ಬೀನು) ಹಗಲಲ್ಲೇ ದೂರದ ನೀರಿನ ಟ್ಯಾಂಕ್ ನೋಡಿ ಹೊಂದಿಸಿಕೊಳ್ಳಿ, ಕತ್ತಲಲ್ಲಿ ಆಗುವ ಕೆಲಸ ಅಲ್ಲ. ಬೀದಿ ದೀಪದ ಚಿಂತೆ ಬೇಡ, ಗ್ರಹಗಳಿಗೆ ಅದು ಅಡ್ಡಿಯಾಗುವುದಿಲ್ಲ.

ಡಬ್ಬದಲ್ಲಿ ಐಪೀಸಿಗೆ ಹಾಕುವ ಸೂರ್ಯನ ಫಿಲ್ಟರ್ ಕೂಡ ಇತ್ತು. ಬಿಸಿಗೆ ಅದು ಸೀಳಿದರೆ ಕಣ್ಣೇ ಹೋಗುತ್ತದೆ. ಅವತ್ತೇ ಒಡೆದು ಕಸಕ್ಕೆ ಹಾಕಿದೆ. ನೀವೂ ಮೊದಲು ಆ ಕೆಲಸ ಮಾಡಿ, ಆಮೇಲೆ ಮಕ್ಕಳ ಕೈಗೆ ಕೊಡಿ.